ಮರೆವಿನ ಪರೀಕ್ಷೆ

ಮಲಾವಿ ದೇಶದ ಹುಡುಗಿಯರು ಹುಬ್ಬಳ್ಳಿಗೆ ಬಂದಿಳಿದ ಮರುದಿನವೇ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ಶೆಡ್ಡಿನಲ್ಲಿ, ಒಂದು ಗೊಂಬೆಯ ಎದುರು, ಸಾಲಾಗಿ ಔಟಾದರು. ಒಬ್ಬಳ ಬ್ಯಾಟಿಗೂ ಚೆಂಡು ನೆಟ್ಟಗೆ ತಾಗಲಿಲ್ಲ. ಇನಿಂಗ್ಸ್ ಆರಂಭಿಸುತ್ತಿದ್ದ ಚಿಸೋಮೊ ಎಂಬ ಸಣಕಲು ಹುಡುಗಿಯ ಸ್ಟಂಪು ಮೂರು ಸಲ ಹಾರಿತು. ಮೂರನೆಯ ಸಲ ಅವಳು ಬ್ಯಾಟನ್ನು ಗೋಡೆಗೆ ಒರಗಿಸಿ, ಹೆಲ್ಮೆಟ್ಟನ್ನೂ ತೆಗೆಯದೆ ನೆಲದ ಮೇಲೆ ಕುಳಿತುಬಿಟ್ಟಳು.

ನಾಯಕಿ ತಡಾಲಾ ಗೊಂಬೆಯ ಸುತ್ತ ಒಂದು ಸುತ್ತು ಬಂದಳು. ಆಳೆತ್ತರದ ದೇಹ, ಮುಖವಿಲ್ಲದ ತಲೆ, ರಬ್ಬರಿನ ಚರ್ಮದೊಳಗೆ ದಾರದಷ್ಟು ಸಣ್ಣ ಕೃತಕ ಸ್ನಾಯುಗಳ ಕಟ್ಟು. ಅದು ಹಳಿಯ ಮೇಲೆ ನಾಲ್ಕಾರು ಹೆಜ್ಜೆ ಓಡಿಬಂದು, ಸೊಂಟ ತಿರುಗಿಸಿ, ಭುಜ ಎತ್ತಿ, ಬೆರಳಿನಿಂದಲೇ ಚೆಂಡು ಬಿಡುತ್ತಿತ್ತು. ಇದು ಯಾರು ಎಂದು ತಡಾಲಾ ಇಂಗ್ಲಿಷಿನಲ್ಲಿ ಕೇಳಿದಳು.

"ನನ್ನ ಮಗಳು," ಎಂದಳು ಮಹಾನಂದಾ ಕಮ್ಮಾರ.

ಸುಳ್ಳೇನೂ ಹೇಳಲಿಲ್ಲ. ಮಹಾನಂದಾ ಮತ್ತು ಅವಳ ಗಂಡ ಈರಣ್ಣ ಆ ಶೆಡ್ಡಿನಲ್ಲಿ ಕೈಕಾಲು ಕಳೆದುಕೊಂಡವರಿಗೆ ಕೃತಕ ಅಂಗ ಮಾಡಿಕೊಡುತ್ತಿದ್ದರು. ಅವಳದು ಲೆಕ್ಕ, ನಕ್ಷೆ. ಅವನದು ಲೇತ್ ಮತ್ತು ಬೆಸುಗೆ. ಮಗಳು ಇಂಚರಾ ಚಿಕ್ಕವಳಿದ್ದಾಗ ಅಂಗಳದಲ್ಲಿ ಬಿರುಸಾಗಿ ಚೆಂಡೆಸೆಯುವುದನ್ನು ನೋಡಿ, ಕೃತಕ ಕೈಯೊಂದು ಹೀಗೆ ಹೊಲಿಗೆಯ ಮೇಲೆ ಬೆರಳಿಟ್ಟು ಚೆಂಡು ಬಿಡಬಲ್ಲದೇ ಎಂದು ತಾಯಿಗೆ ಕುತೂಹಲ ಹುಟ್ಟಿತು. ಮಗಳ ಮೈಗೆ ಗುರುತು ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು, ಒಂದೊಂದೇ ಕೀಲಿನ ಚಲನೆ ಅಳೆದಳು. ಮೊದಲು ಮುಂಗೈ, ಆಮೇಲೆ ಭುಜ, ಕೊನೆಗೆ ಇಡೀ ದೇಹ. ಶೆಡ್ಡಿನ ಕೆಲಸಗಾರರು ತಮ್ಮ ಮಾತಿನಲ್ಲಿ ಅದನ್ನು ಗೊಂಬಿ ಎಂದರು. ಇಂಚರಾ ಬೆಳೆದು ಭಾರತ ತಂಡ ಸೇರಿ, ಜಗತ್ತಿನ ಅತಿ ವೇಗದ ಬೌಲರ್ ಎನಿಸಿಕೊಂಡಳು. ಗೊಂಬಿ ಶೆಡ್ಡಿನಲ್ಲೇ ಉಳಿಯಿತು.

ಹಿಂದಿನ ವಿಶ್ವಕಪ್ಪಿನಲ್ಲಿ ಇಂಚರಾ ಒಂದು ಬಡ ತಂಡದ ಆರು ವಿಕೆಟ್ ಕಿತ್ತಿದ್ದಳು. ಆ ತಂಡ ಇಪ್ಪತ್ತೇಳು ರನ್ನಿಗೆ ಮುಗಿದಿತ್ತು. ಓಣಿಯವರೆಲ್ಲ ಮನೆಗೆ ಬಂದು ಪೇಡೆ ಹಂಚಿದರು. ಟೀವಿಯಲ್ಲಿ ವೀಕ್ಷಕ ವಿವರಣೆಯ ಇಬ್ಬರು, ಪಾಪ, ಈ ಹುಡುಗಿಯರ ನಗು ಮಾತ್ರ ಚೆಂದ ಎಂದು ನಕ್ಕರು. ಮಹಾನಂದಾ ಕೈಯಲ್ಲಿದ್ದ ಪೇಡೆಯನ್ನು ಹಾಗೇ ಕೆಳಗಿಟ್ಟಳು. ಅವರು ಯಾಕೆ ಔಟಾದರು ಎಂಬುದು ಅವಳಿಗೆ ಗೊತ್ತಿತ್ತು, ಆ ಇಬ್ಬರಿಗೂ ಗೊತ್ತಿರಲೇಬೇಕಿತ್ತು.

ಚೆಂಡು ಕೈ ಬಿಟ್ಟು ಬ್ಯಾಟು ತಲುಪುವುದಕ್ಕೆ ಅರ್ಧ ಸೆಕೆಂಡು. ಅಷ್ಟರಲ್ಲಿ ನೋಡಿ, ಯೋಚಿಸಿ, ಕಾಲಿಡುವುದು ಮನುಷ್ಯಮಾತ್ರರಿಂದ ಆಗದ ಕೆಲಸ. ಒಳ್ಳೆಯ ಬ್ಯಾಟರ್ ಚೆಂಡು ಬಿಡುವ ಮೊದಲೇ ಅದು ಎಲ್ಲಿಗೆ ಬರುತ್ತದೆಂದು ಓದಿರುತ್ತಾಳೆ: ಬೌಲರಿನ ಸೊಂಟದಲ್ಲಿ, ಭುಜದಲ್ಲಿ, ಮಣಿಕಟ್ಟು ವಾಲಿದ ಬಗೆಯಲ್ಲಿ. ಆ ಓದು ಪುಸ್ತಕದಿಂದ ಬರುವುದಿಲ್ಲ, ಅಂಥ ದೇಹಗಳನ್ನು ಸಾವಿರ ಸಲ ಎದುರಿಸಿದಾಗ ಮಿದುಳಿನಲ್ಲಿ ತಾನಾಗಿ ಕೂರುತ್ತದೆ. ದೊಡ್ಡ ದೇಶಗಳು ವರ್ಷವಿಡೀ ತಮ್ಮತಮ್ಮಲ್ಲೇ ಆಡುತ್ತವೆ. ಸಣ್ಣ ದೇಶದ ಹುಡುಗಿಯರು ಅಂಥ ಬೌಲರನ್ನು ನಾಲ್ಕು ವರ್ಷಕ್ಕೊಮ್ಮೆ, ಅದೂ ಕ್ಯಾಮೆರಾಗಳ ಮುಂದೆ, ಮೊದಲ ಸಲ ನೋಡುತ್ತಾರೆ. ಎರಡು ಚಕ್ರಗಳ ನಡುವಿನಿಂದ ಚೆಂಡು ಉಗುಳುವ ಮಾಮೂಲಿ ಯಂತ್ರಕ್ಕೆ ಭುಜವಿಲ್ಲ, ಸೊಂಟವಿಲ್ಲ, ಓದಲು ಏನೂ ಇಲ್ಲ. ಓದು ಕಲಿಸದೆ ಪರೀಕ್ಷೆಗೆ ಕೂರಿಸಿ, ನಪಾಸಾದಾಗ ನಗುವುದು ಯಾವ ಸೀಮೆಯ ನ್ಯಾಯ ಎಂದು ಅವಳು ಅಂದು ಗಂಡನ ಮುಂದೆ ಕೂಗಾಡಿದ್ದಳು.

ಆ ಕಾಲಕ್ಕೆ ಆಟವನ್ನು ನಡೆಸುತ್ತಿದ್ದದ್ದು ಎಂಟು ದೇಶಗಳ ಒಂದು ಕೂಟ. ಹಳೆಯ ಮಂಡಳಿಗಳೆಲ್ಲ ಅದರೊಳಗೆ ಕರಗಿ ವರ್ಷಗಳಾಗಿದ್ದವು. ಜನ ಅದನ್ನು ಎಂಟರ ಕೂಟ ಎನ್ನುತ್ತಿದ್ದರು. ಎಂಟೂ ತಂಡಗಳು ವಿಶ್ವಕಪ್ಪಿಗೆ ನೇರ ಬರುತ್ತಿದ್ದವು. ಉಳಿದ ಇಡೀ ಜಗತ್ತಿಗೆ ಸೇರಿ ಒಂದು ಜಾಗ. ಈ ಸಲ ಆ ಒಂಬತ್ತನೆಯ ಜಾಗವನ್ನು ಮಲಾವಿ ಗೆದ್ದಿದೆ ಎಂದು ಓದಿದ ದಿನವೇ ಮಹಾನಂದಾ ತಡಾಲಾಗೆ ಫೋನ್ ಮಾಡಿ, ಹುಬ್ಬಳ್ಳಿಗೆ ಬನ್ನಿ, ನನ್ನ ಮನೆಯ ಮಹಡಿ ಖಾಲಿ ಇದೆ ಎಂದಳು.

ಬಂದರು. ಮಹಡಿಯಲ್ಲಿ ಅವರು ಮೆಕ್ಕೆಜೋಳದ ಹಿಟ್ಟು ತಿರುವಿ ಗಟ್ಟಿ ಮುದ್ದೆ ಮಾಡಿಕೊಳ್ಳುತ್ತಿದ್ದರು. ಈರಣ್ಣ ಒಂದು ದಿನ ರುಚಿ ನೋಡಿ, ಇದು ನಮ್ಮ ನುಚ್ಚಿನ ಅಣ್ಣತಮ್ಮ ಎಂದು ತೀರ್ಪು ಕೊಟ್ಟು, ಅಂದಿನಿಂದ ಅದಕ್ಕೆ ಕಡಲೆಹಿಟ್ಟಿನ ಝುಣಕ ಮಾಡಿ ಮೇಲೆ ಕಳಿಸತೊಡಗಿದ. ಬೆಳಗಿನಿಂದ ಮಧ್ಯಾಹ್ನದವರೆಗೆ ಗೊಂಬಿ. ಪಂದ್ಯಗಳ ಚಿತ್ರಗಳಿಂದ ಎಂಟೂ ದೇಶಗಳ ಬೌಲರುಗಳ ದೇಹ ಲೆಕ್ಕಹಾಕಿ ಮಹಾನಂದಾ ಗೊಂಬಿಗೆ ತುಂಬಿದ್ದಳು. ಒಂದೇ ಗೊಂಬಿ ಹೊತ್ತಿಗೊಬ್ಬಳಾಗುತ್ತಿತ್ತು. ಚೆಂಡು ಬಿಡುವ ಕ್ಷಣಕ್ಕೆ ಸರಿಯಾಗಿ ಶೆಡ್ಡಿನ ದೀಪ ಆರಿಸಿ, ಎಲ್ಲಿ ಬಿತ್ತು ಹೇಳು ಎನ್ನುವಳು. ಮೊದಮೊದಲು ಬರೀ ಊಹೆ. ಎರಡನೆಯ ತಿಂಗಳಿಗೆ ಚಿಸೋಮೊ ಕತ್ತಲಲ್ಲಿ ನಿಂತು, ಒಳಗೆ ತಿರುಗುತ್ತದೆ, ಹೊರಗೆ, ಇದು ನಿಧಾನದ್ದು ಎಂದು ಬೇಸರದಿಂದ ಹೇಳತೊಡಗಿದಳು, ಯಾರೋ ಗೊತ್ತಿದ್ದ ಲೆಕ್ಕವನ್ನೇ ಮತ್ತೆಮತ್ತೆ ಕೇಳುತ್ತಿದ್ದಾರೆ ಎಂಬಂತೆ.

ಜೂನಿನಲ್ಲಿ ಎಂಟರಲ್ಲಿ ಒಂದು ತಂಡ ಪ್ರವಾಸಕ್ಕೆ ಬಂದಿತ್ತು. ರಾಜನಗರದ ಮೈದಾನದಲ್ಲಿ ಮಲಾವಿಯ ಜೊತೆ ಒಂದು ಅಭ್ಯಾಸ ಪಂದ್ಯ ಆಡಿ ಸೋತಿತು. ಚಿಸೋಮೊ ಔಟಾಗದೆ ತೊಂಬತ್ತೊಂದು ಹೊಡೆದಳು. ಪ್ರೇಕ್ಷಕರ ನಡುವೆ ಮಹಾನಂದಾ ಸೆರಗು ಬಾಯಿಗೊತ್ತಿ ನಿಂತಿದ್ದಳು.

ವಾರ ಕಳೆಯುವುದರೊಳಗೆ ಕೂಟದ ಕಾನೂನು ಅಧಿಕಾರಿ ನಿರಂಜನ ಬೆಂಗಳೂರಿನಿಂದ ಬಂದು ಗೊಂಬಿಗೆ ಮೊಹರು ಹಾಕಿಸಿದ. ಬೌಲರಿನ ಶೈಲಿ ಕೂಟದ ಸ್ವತ್ತು, ಅದನ್ನು ನಕಲು ಮಾಡಿದ್ದು ಕಳವು ಎಂಬುದು ಆಪಾದನೆ. ವಿಚಾರಣೆಗೆ ಮಹಾನಂದಾ ಮತ್ತು ತಡಾಲಾ ಬೆಂಗಳೂರಿಗೆ ಹೋಗಬೇಕಾಯಿತು.

ಕೂಟದ ನಿಯಂತ್ರಣ ಕೊಠಡಿ ಗಾಜಿನ ಕಟ್ಟಡವೊಂದರ ಹನ್ನೆರಡನೆಯ ಮಹಡಿಯಲ್ಲಿತ್ತು. ಗೋಡೆ ತುಂಬ ಪರದೆ. ಒಂದರಲ್ಲಿ ಎಂಟು ದೇಶಗಳ ತರಬೇತಿ ಕೇಂದ್ರಗಳು ಕಾಣುತ್ತಿದ್ದವು, ಅವುಗಳ ನೆಟ್ಟಿನಲ್ಲಿ ಗೊಂಬಿಯಂಥವೇ ಯಂತ್ರಗಳು ಓಡಿಬಂದು ಚೆಂಡೆಸೆಯುತ್ತಿದ್ದವು. ಮಹಾನಂದಾ ಬೆರಳು ಮಾಡಿ, ಅವು ಏನು ಎಂದು ಕೇಳಿದಳು.

"ಅವರು ಒಬ್ಬರಿಗೊಬ್ಬರು ಒಪ್ಪಿಗೆ ಕೊಟ್ಕೊಂಡಿದ್ದಾರೆ ಮೇಡಂ," ಎಂದ ನಿರಂಜನ. "ನಿಮ್ಮದಕ್ಕೆ ಯಾರು ಕೊಟ್ಟಿದ್ದಾರೆ?"

ಆಮೇಲೆ ಪರದೆಯ ಮೇಲೆ ಇಂಚರಾ ಬಂದಳು. ಭಾರತದ ನೀಲಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತು, ನನ್ನ ಬೌಲಿಂಗ್ ಶೈಲಿಯನ್ನು ನನ್ನ ಒಪ್ಪಿಗೆಯಿಲ್ಲದೆ ಬಳಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಓದಿದಳು. ಕಣ್ಣೆತ್ತಲಿಲ್ಲ. ತಾಯಿಯ ಹೆಸರು ಹೇಳಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಯಂತ್ರ ಹೋಯಿತು ಎಂದುಕೊಳ್ಳಬಹುದಿತ್ತು. ನಿರಂಜನ ಇನ್ನೊಂದು ಚಿತ್ರ ತೆರೆದ. ಎತ್ತರದಿಂದ ಹೊರಟು ಬರಬರುತ್ತ ಇಳಿಯುವ ಒಂದು ಗೆರೆ.

"ಇದು ನಿಮ್ಮದೇ ಗ್ರಾಫ್ ಅಲ್ವಾ?"

"ನನ್ನದ ಐತ್ರಿ."

ಎಂಟು ವರ್ಷಗಳ ಹಿಂದೆ ಹುಬ್ಬಳ್ಳಿಯ ಕಾಲೇಜು ಹುಡುಗಿಯರಿಗೆ ಗೊಂಬಿಯಿಂದ ಕಲಿಸಿ, ಅಭ್ಯಾಸ ನಿಲ್ಲಿಸಿದರೆ ಆ ಓದು ಎಷ್ಟು ದಿನಕ್ಕೆ ಅಳಿಸುತ್ತದೆ ಎಂದು ಅಳೆದು ಅವಳೇ ಪ್ರಕಟಿಸಿದ ಪ್ರಬಂಧವದು. ಐದಾರು ತಿಂಗಳಿಗೆ ಏನೂ ಉಳಿಯುವುದಿಲ್ಲ ಎಂದು ಬರೆದಿದ್ದಳು. ಕೂಟದ ತೀರ್ಮಾನ ಅದೇ ಗೆರೆಯ ಮೇಲೆ ನಿಂತಿತ್ತು. ಗೊಂಬಿಯಿಂದ ಕಲಿತ ಆಟಗಾರ್ತಿಯರು ಕದ್ದ ಮಾಲನ್ನು ತಲೆಯಲ್ಲಿಟ್ಟುಕೊಂಡಿದ್ದಾರೆ. ಮರೆಯುವ ತನಕ ಅವರು ಪಂದ್ಯ ಆಡುವಂತಿಲ್ಲ, ಯಂತ್ರ ಮುಟ್ಟುವಂತಿಲ್ಲ. ವಿಶ್ವಕಪ್ಪಿಗೆ ಮುಂಚೆ, ಡಿಸೆಂಬರಿನಲ್ಲಿ, ಪರೀಕ್ಷೆ. ಬೌಲರುಗಳ ಅರವತ್ತು ವಿಡಿಯೋ ತುಣುಕು ತೋರಿಸಿ, ಚೆಂಡು ಬಿಡುವ ಮೊದಲೇ ನಿಲ್ಲಿಸಿ, ಮೂರರಲ್ಲಿ ಯಾವ ಎಸೆತ ಎಂದು ಕೇಳುತ್ತಾರೆ. ಏನೂ ಗೊತ್ತಿಲ್ಲದೆ ಕಣ್ಣು ಮುಚ್ಚಿ ಹೇಳಿದರೂ ಇಪ್ಪತ್ತರ ಆಸುಪಾಸು ಸರಿಯಾಗುತ್ತವೆ. ಇಪ್ಪತ್ತೈದಕ್ಕಿಂತ ಹೆಚ್ಚು ಸರಿಯಾದರೆ ಮರೆತಿಲ್ಲ ಎಂದರ್ಥ, ಅಂಥವಳು ಹೊರಗೆ.

ನಪಾಸಾದರೆ ಪಾಸು. ಇಂಥದೊಂದು ಪರೀಕ್ಷೆಯನ್ನು ಮಹಾನಂದಾ ಕೇಳಿರಲಿಲ್ಲ. ಕಲಿತದ್ದೇ ಅಪರಾಧವಾದರೆ ಮೊದಲು ನಿಮ್ಮ ಎಂಟು ತಂಡಗಳನ್ನು ಮರೆಯಲು ಹಚ್ಚಿ ಎಂದು ಅವಳು ಕೂಗಿದ್ದು ಗಾಜಿನ ಗೋಡೆಯಾಚೆಯ ಗುಮಾಸ್ತರಿಗೂ ಕೇಳಿಸಿತು. ನಿರಂಜನ ನೀರಿನ ಲೋಟ ಅವಳತ್ತ ಸರಿಸಿದ, ಅಷ್ಟೇ.

ಮರಳುವಾಗ ರೈಲು ತುಮಕೂರು ದಾಟಿದ ಮೇಲೆ ತಡಾಲಾ ಬಾಯಿ ಬಿಟ್ಟಳು. "ನಮ್ಮಂಥವರು ಎಷ್ಟು ದಿನಕ್ಕೆ ಮರೆಯುತ್ತೇವೆ ಅಂತ ನೀವು ಅಳೆದು ಇಟ್ಟಿರಿ. ಅದು ಯಾರ ಕೈಗೆ ಸಿಗುತ್ತದೆ ಅಂತ ಯೋಚಿಸಲಿಲ್ಲ. ನೀವೂ ನಮ್ಮ ಮೇಲೆ ಪ್ರಯೋಗ ಮಾಡಿದವರೇ."

ಒಳ್ಳೆಯದಕ್ಕೆ ಮಾಡಿದ್ದು ಎಂಬ ಮಾತು ಮಹಾನಂದಾಳ ನಾಲಿಗೆಯ ತುದಿಗೆ ಬಂತು, ಹೇಳಲು ನಾಚಿಕೆಯಾಗಿ ನುಂಗಿಕೊಂಡಳು.

ಆದರೆ ತಡಾಲಾ ಸಿಟ್ಟನ್ನು ಕೂಡಿಡುವ ಪೈಕಿ ಅಲ್ಲ, ಕೆಲಸಕ್ಕೆ ಹಚ್ಚುವ ಪೈಕಿ. ಹುಬ್ಬಳ್ಳಿಗೆ ಬಂದವಳೇ ಹುಡುಗಿಯರನ್ನು ಮಹಡಿಯ ಮೇಲೆ ಸೇರಿಸಿದಳು. ಯಂತ್ರ ಮುಟ್ಟಬಾರದು ಎಂದಿದ್ದಾರೆ, ಒಬ್ಬರನ್ನೊಬ್ಬರು ನೋಡಬಾರದು ಎಂದಿಲ್ಲ. ಒಬ್ಬೊಬ್ಬಳಿಗೆ ಇಬ್ಬಿಬ್ಬರು ಬೌಲರುಗಳನ್ನು ಹಂಚಿದಳು. ಅವರ ಓಟ, ಸೊಂಟ, ಭುಜ, ಮಣಿಕಟ್ಟು ಎಲ್ಲವನ್ನೂ ನೆನಪಿನಿಂದ ತೆಗೆದು ತನ್ನ ಮೈಮೇಲೆ ತಂದುಕೊಳ್ಳಬೇಕು, ಉಳಿದವರು ನೋಡಿ ಎಸೆತ ಹೇಳಬೇಕು. ಕೈಯಲ್ಲಿ ಚೆಂಡೂ ಇರಲಿಲ್ಲ. ಶೆಡ್ಡಿಗೂ ಮನೆಗೂ ನಡುವಿನ ಅಂಗಳದಲ್ಲಿ ದಿನವಿಡೀ ಹುಡುಗಿಯರು ಬರಿಗೈಯಲ್ಲಿ ಓಡಿಬಂದು ಬರಿಗೈ ಬೀಸುವುದನ್ನು ನೋಡಿ ಪಕ್ಕದ ಫೌಂಡ್ರಿಯವರು, ಇವಕ್ಕೇನು ಗಾಳಿ ಹಿಡಿದೈತೇನು ಎಂದು ಈರಣ್ಣನನ್ನು ಕೇಳಿದರು. ನೋಡಿ ಕಲಿತದ್ದು ಅಳಿಸುತ್ತದೆ ಎಂಬುದು ಮಹಾನಂದಾಳ ಗೆರೆ. ನೋಡಿದ್ದನ್ನು ಮೈಯಲ್ಲಿ ಆಡಿದರೆ ಏನಾಗುತ್ತದೆ ಎಂದು ಅವಳು ಅಳೆದಿರಲಿಲ್ಲ. ಈ ಸಲ ಅಳೆಯಲೂ ಹೋಗಲಿಲ್ಲ.

ಪಂಚಮಿಗೆ ಇಂಚರಾ ಮನೆಗೆ ಬಂದಳು. ಈರಣ್ಣ ಎಳ್ಳುಂಡಿ, ಶೇಂಗಾದುಂಡಿ ಕಟ್ಟಿಸಿಟ್ಟಿದ್ದ. ಮೂವರೂ ಊಟಕ್ಕೆ ಕೂತರು. ಮಹಾನಂದಾ ರೊಟ್ಟಿ ಬಡಿಸಿದಳೇ ಹೊರತು ಮುಖ ನೋಡಲಿಲ್ಲ.

"ಒಂದು ಫೋನ್ ಮಾಡಬೇಕು ಅಂತ ಅನಸಲಿಲ್ಲ ನಿನಗ," ಎಂದಳು ಕೊನೆಗೆ.

"ಮಾಡಿದ್ರ ನೀ ಬ್ಯಾಡ ಅಂತಿದ್ದಿ."

"ಅಂತಿದ್ದೆ."

"ಹೇಳಿಕಿ ಕೊಡಲಿಲ್ಲಂದ್ರ ನನ್ನ ಹೊರಗ ಹಾಕ್ತಿದ್ರವ್ವಾ. ಹತ್ತೊಂಬತ್ತಕ್ಕ ಸಹಿ ಮಾಡೀನಿ. ಅವತ್ತಿಂದ ಈ ಕೈ ನಂದಲ್ಲ."

"ಹಂಗಾದ್ರ ಈ ಮನ್ಯಾಗ ಆ ಕೈಲೆ ಉಣಬ್ಯಾಡ," ಎಂದಳು ಮಹಾನಂದಾ. "ಅವರ ಆಸ್ತಿ ಅದು. ರೊಟ್ಟಿ ಹಿಟ್ಟು ಹತ್ತೀತು."

ಈರಣ್ಣ, ನಂದಾ ಎಂದು ತಡೆಯುವಷ್ಟರಲ್ಲಿ ಇಂಚರಾ ತಾಟು ಬಿಟ್ಟು ಎದ್ದಿದ್ದಳು. ಹಿತ್ತಲ ಬಾಗಿಲಿಂದ ಅಂಗಳಕ್ಕೆ ಇಳಿದು ಹೋದಳು. ಮಹಾನಂದಾ ಅಲ್ಲೇ ಕೂತು ಒಂದು ತುತ್ತೂ ಎತ್ತದೆ ರೊಟ್ಟಿಯನ್ನು ಚೂರುಚೂರು ಮಾಡಿದಳು. ಮಾತು ಹೆಚ್ಚಾಯಿತು ಎಂದು ಗೊತ್ತಿತ್ತು. ಹಿಂತೆಗೆದುಕೊಳ್ಳುವ ಮನಸ್ಸಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹೊರಗೆ ನಗು ಕೇಳಿಸಿತು. ಕಿಟಕಿಯಿಂದ ನೋಡಿದಳು. ಅಂಗಳದಲ್ಲಿ ಚಿಸೋಮೊ ಓಡಿಬರುತ್ತಿದ್ದಳು. ಅದು ಚಿಸೋಮೊಳ ಓಟವಾಗಿರಲಿಲ್ಲ. ತಲೆ ತುಸು ಎಡಕ್ಕೆ ವಾಲಿಸಿ, ಮೊಣಕೈ ಪಕ್ಕೆಗೊತ್ತಿ, ಕೊನೆಯ ಹೆಜ್ಜೆಗೆ ತುಟಿ ಕಚ್ಚಿ ಮೇಲೇಳುವುದು, ಥೇಟ್ ಇಂಚರಾ. ಇಂಚರಾ ತನ್ನನ್ನೇ ಎದುರಿಗೆ ನೋಡುತ್ತ ಕಲ್ಲಿನಂತೆ ನಿಂತಿದ್ದಳು. ಹುಡುಗಿಯರ ನಗು ನಿಂತಿತು. ಅವಳು ಎದುರಾಳಿ, ಮೇಲಾಗಿ ಹೇಳಿಕೆ ಕೊಟ್ಟವಳು. ಯಾರಿಗೂ ಏನು ಮಾಡುವುದೆಂದು ತೋಚಲಿಲ್ಲ.

ಇಂಚರಾ ಚಿಸೋಮೊಳ ಹತ್ತಿರ ಹೋಗಿ ಮೊಣಕಾಲೂರಿ ಕೂತು, ಅವಳ ಎಡಪಾದ ಹಿಡಿದು ಒಂದಿಷ್ಟು ಹೊರಗೆ ತಿರುಗಿಸಿದಳು. ಎದ್ದು ನಿಂತು, ಹೊರಕ್ಕೆ ತಿರುಗುವ ಎಸೆತಕ್ಕೆ ಮಾತ್ರ ಪಾದ ಹೀಗೆ ಎಂದು ತೋರಿಸಿದಳು. ಒಂದು ತಾಸು ಅಂಗಳದಲ್ಲೇ ಇದ್ದಳು. ಹೋಗುವಾಗ ತಂದೆಯ ಕಾಲಿಗೆ ನಮಸ್ಕರಿಸಿದಳು. ತಾಯಿ ಒಳಗಿದ್ದಳು, ಹೊರಗೆ ಬರಲಿಲ್ಲ.

ಡಿಸೆಂಬರ್ ಬಂತು. ಪರೀಕ್ಷೆಗೆ ಮುನ್ನ ಮಹಾನಂದಾ ಹುಡುಗಿಯರಿಗೆ ಎಚ್ಚರಿಕೆ ಹೇಳಿದಳು. ಗೊತ್ತಿದ್ದರೂ ತಪ್ಪು ಹೇಳಿ, ಆದರೆ ಇಪ್ಪತ್ತರ ಆಸುಪಾಸು ಸರಿಯಿರಲಿ, ನಿಜವಾಗಿ ಮರೆತವರ ಉತ್ತರ ಹಾಗಿರುತ್ತದೆ, ಅನುಮಾನ ಬರಬಾರದು. ತಡಾಲಾ ತಲೆಯಾಡಿಸಿದಳು.

ಅದೇ ಹನ್ನೆರಡನೆಯ ಮಹಡಿ. ಒಬ್ಬೊಬ್ಬಳನ್ನೂ ಬೇರೆಬೇರೆ ಗೂಡಿನಲ್ಲಿ ಕೂರಿಸಿ ಚಿತ್ರ ತೋರಿಸಿದರು. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಹೆಸರುಗಳ ಮುಂದೆ ಅಂಕ ಮೂಡಬೇಕು. ಚಿಸೋಮೊಳ ಹೆಸರಿನ ಮುಂದೆ ಸೊನ್ನೆ ಬಂತು. ಯಂತ್ರ ಕೆಟ್ಟಿದೆ ಎಂದುಕೊಂಡು ಒಬ್ಬ ಎದ್ದು ತಂತಿ ನೋಡಿದ. ಎರಡನೆಯವಳದೂ ಸೊನ್ನೆ. ಮೂರನೆಯವಳದು, ನಾಲ್ಕನೆಯವಳದು. ತಡಾಲಾಳದು ಕೊನೆಗೆ ಬಂತು, ಅದೂ ಸೊನ್ನೆ.

ಅಂಕಿ ಬಲ್ಲ ಯಾರಿಗಾದರೂ ಅದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಅರವತ್ತಕ್ಕೆ ಅರವತ್ತೂ ತಪ್ಪು ಹೇಳಬೇಕಾದರೆ ಅರವತ್ತೂ ಗೊತ್ತಿರಲೇಬೇಕು. ಹುಡುಗಿಯರು ಮಹಾನಂದಾಳ ಮಾತು ಕೇಳಿರಲಿಲ್ಲ. ಮರೆತವರಂತೆ ನಟಿಸಲು ಒಪ್ಪಿರಲಿಲ್ಲ. ಆ ಸೊನ್ನೆಗಳಲ್ಲಿ ಅವರು ಕೂಟದ ಮುಖಕ್ಕೇ ಉಗುಳಿದ್ದರು.

"ಇದು ಸಾಧ್ಯವೇ ಇಲ್ಲ," ಎಂದ ನಿರಂಜನ. "ಮರೆತವರಿಗೆ ಇಪ್ಪತ್ತಾದರೂ ಬರಬೇಕು. ಇವರಿಗೆ ಎಲ್ಲಾ ಗೊತ್ತು."

"ನಿಮ್ಮ ನಿಯಮದಾಗ ಏನ ಬರದೈತ್ರಿ?" ಎಂದಳು ಮಹಾನಂದಾ.

ನಿರಂಜನ ನಿಯಮದ ಹಾಳೆಗೆ ಕೈ ಹಾಕಿದ.

"ಇಪ್ಪತ್ತೈದಕ್ಕಿಂತ ಹೆಚ್ಚ ಬರಬಾರದು ಅಂತ ಬರದೈತಿ. ಸೊನ್ನಿ ಇಪ್ಪತ್ತೈದಕ್ಕಿಂತ ಹೆಚ್ಚೇನ್ರಿ? ಹೇಳ್ರಿ, ನಾ ಲೆಕ್ಕದಾಗ ಕಚ್ಚಾ."

ಕೂಟದವರು ಮೂರು ದಿನ ಕೂತು ನಿಯಮ ತಿರುವಿ ಹಾಕಿದರು. ಅಷ್ಟರಲ್ಲಿ ಆ ಅಂಕಪಟ್ಟಿ ಯಾರಿಂದಲೋ ಹೊರಬಿದ್ದು, ಊರೂರಿನ ಜನ ಎಲ್ಲ ಗೋಡೆಗಳ ಮೇಲೂ ಸೊನ್ನೆ ಬರೆಯತೊಡಗಿದ್ದರು. ಆಡಿಸದೆ ವಿಧಿಯಿರಲಿಲ್ಲ.

ವಿಶ್ವಕಪ್ಪಿನಲ್ಲಿ ಮಲಾವಿ ತನ್ನ ಗುಂಪಿನ ಎರಡು ಪಂದ್ಯ ಗೆದ್ದಿತು, ಉಳಿದವನ್ನು ಸೋತಿತು. ಕೊನೆಯದು ಭಾರತದ ಎದುರು, ಹುಬ್ಬಳ್ಳಿಯಲ್ಲೇ. ಗೆದ್ದಿದ್ದರೆ ಸೆಮಿಫೈನಲ್. ಚಿಸೋಮೊ ಇಂಚರಾಳ ಮೊದಲ ಚೆಂಡನ್ನೇ ಕವರ್ಸ್ ನಡುವೆ ಬೌಂಡರಿಗೆ ಕಳಿಸಿದಳು. ಗ್ಯಾಲರಿಯಲ್ಲಿ ಈರಣ್ಣ ಚಪ್ಪಾಳೆ ಹೊಡೆಯಲೋ ಬೇಡವೋ ಎಂದು ಹೆಂಡತಿಯ ಮುಖ ನೋಡಿದ. ಮಹಾನಂದಾ ಹೊಡೆಯುತ್ತಿದ್ದಳು. ಪಂದ್ಯ ಕೊನೆಯ ಓವರಿನವರೆಗೆ ಬಂತು. ಎಪ್ಪತ್ತರ ಮೇಲೆ ಆಡುತ್ತಿದ್ದ ಚಿಸೋಮೊಗೆ ಇಂಚರಾ ಹಿಂದೆಂದೂ ಎಸೆಯದ ಒಂದು ಚೆಂಡು ಎಸೆದಳು. ಅದೇ ಓಟ, ಅದೇ ಭುಜ, ಬೆರಳಲ್ಲಿ ಮಾತ್ರ ಹೊಸದೇನೋ. ಯಾವ ಗೊಂಬಿಯಲ್ಲೂ ಅದು ಇರಲಿಲ್ಲ. ಸ್ಟಂಪು ಹಾರಿತು. ಮಲಾವಿ ಒಂಬತ್ತು ರನ್ನಿನಿಂದ ಸೋತಿತು. ಮಹಾನಂದಾಗೆ ಆ ವಿಕೆಟ್ಟಿನ ಬಗ್ಗೆ ಸಿಟ್ಟು ಬರಲಿಲ್ಲ. ಅಷ್ಟು ವರ್ಷಗಳಲ್ಲಿ ಅವಳು ಬೇಡಿದ್ದು ಇಂಥದೊಂದು ಆಟವನ್ನೇ.

ಸಿಟ್ಟು ಬಂದದ್ದು ಆಮೇಲೆ. ವೀಕ್ಷಕ ವಿವರಣೆಯವರು ಪುಟ್ಟ ದೇಶದ ದೊಡ್ಡ ಹೃದಯ ಎಂದು ಕಣ್ಣೊರೆಸಿಕೊಂಡರು. ಅದೇ ಬೆಳಿಗ್ಗೆ, ಮುಂದಿನ ವಿಶ್ವಕಪ್ಪು ಎಂಟೇ ತಂಡಗಳದ್ದು, ಒಂಬತ್ತನೆಯ ಜಾಗ ರದ್ದು ಎಂದು ಕೂಟ ಪ್ರಕಟಿಸಿತ್ತು.

ಪತ್ರಕರ್ತರ ಮುಂದೆ ತಡಾಲಾಳನ್ನೂ, ಪಂದ್ಯಶ್ರೇಷ್ಠೆ ಇಂಚರಾಳನ್ನೂ ಒಟ್ಟಿಗೆ ಕೂರಿಸಿದ್ದರು. ನಡುವೆ ಕೂಟದ ಅಧ್ಯಕ್ಷರು. ಇಷ್ಟು ಹತ್ತಿರ ಬಂದದ್ದಕ್ಕೆ ಹೆಮ್ಮೆಯೇ ಎಂದು ಯಾರೋ ಕೇಳಿದರು.

"ಸೋತಿದ್ದೇವೆ," ಎಂದಳು ತಡಾಲಾ. "ಸೋತವರಿಗೆ ಶಹಬ್ಬಾಸ್‌ಗಿರಿ ಬೇಡ. ಮುಂದಿನ ಪಂದ್ಯ ಯಾವತ್ತು, ಅದನ್ನು ಹೇಳಿ." ಅವಳು ಅಧ್ಯಕ್ಷರತ್ತ ತಿರುಗಿದಳು. "ನಮ್ಮ ಎದುರು ಯಾರು ಆಡುತ್ತಾರೆ?"

ಅಧ್ಯಕ್ಷರು ಮೈಕಿನ ಗುಂಡಿ ಒತ್ತಿ ಮತ್ತೆ ಆರಿಸಿದರು. ಇಂಚರಾ ತನ್ನ ಮೈಕು ಹತ್ತಿರ ಎಳೆದುಕೊಂಡು ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದಳು. ಅಧ್ಯಕ್ಷರು ಅವಳ ಮೊಣಕೈ ಮುಟ್ಟಿದರು. ಅವಳು ಕೈ ಕೊಡವಿಕೊಂಡು ಇನ್ನೂ ಎರಡು ಮಾತು ಸೇರಿಸಿದಳು.

ಹಿಂದಿನ ಸಾಲಿನಲ್ಲಿ ಕೂತಿದ್ದ ಈರಣ್ಣನಿಗೆ ವರ್ಷಾನುಗಟ್ಟಲೆ ಲೇತಿನ ಸದ್ದಿಗೆ ಕಿವಿ ಮಂದವಾಗಿತ್ತು.

"ಏನಂದ್ಲು?"

"ಮಲಾವಿಗೆ ಹೊಕ್ಕಾಳಂತ. ಇವರಿಗೆ ಬೌಲಿಂಗ್ ಮಾಡಾಕ."

"ಯಾವಾಗ?"

ಮಹಾನಂದಾ ವೇದಿಕೆಯಿಂದ ಕಣ್ಣು ಕೀಳಲಿಲ್ಲ. "ಕೂಟದವರು ಅಕಿನ್ನ ಹೊರಗ ಹಾಕಿದ ಮರದಿನ," ಎಂದಳು.